ಕ್ವೆಶ್ಚನ್ ಟ್ಯಾಗ್: 23 ನಿಯಮ ಬಾಯಿಪಾಠವಾದರೂ ಮಗಳು ತಪ್ಪುತ್ತಾಳೆ, ಬೇರೆ ದಾರಿ ಇದೆಯೇ?

ಹತ್ತನೇ ತರಗತಿ ಹುಡುಗಿಯ ತಾಯಿ, ಶಿರಸಿ

ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಕನ್ನಡ ಮಾಧ್ಯಮದಲ್ಲೇ ಓದಿದವಳು. ಗಣಿತ, ವಿಜ್ಞಾನದ ಚಿಂತೆ ನನಗಿಲ್ಲ. ಇಂಗ್ಲಿಷಿನಲ್ಲಿ ಕ್ವೆಶ್ಚನ್ ಟ್ಯಾಗ್‌ಗೆ ಅಂದರೆ ವಾಕ್ಯದ ಕೊನೆಗೆ 'ಅಲ್ಲವೇ' ಎಂಬಂತೆ ಅಂಟಿಸುವ ಪುಟ್ಟ ಪ್ರಶ್ನೆಗೆ ಇರುವುದು ಒಂದೇ ಅಂಕ, ಆ ಒಂದು ಅಂಕ ಪ್ರತಿ ಪರೀಕ್ಷೆಯಲ್ಲೂ ಹೋಗುತ್ತದೆ. ಅಂಕ ಹೋದರೆ ಹೋಗಲಿ, ಆದರೆ ಇಂಗ್ಲಿಷ್ ತನ್ನ ತಲೆಗೆ ಹತ್ತುವ ವಿಷಯವೇ ಅಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಾಳೆ. ಅದು ನನಗೆ ಸಂಕಟ.

ನಿನ್ನೆ ರಾತ್ರಿ ಊಟವಾದ ಮೇಲೆ ಇಬ್ಬರೂ ನೋಟ್‌ಬುಕ್ ತೆರೆದು ಕುಳಿತೆವು. ಅವಳ ಬಳಿ ಒಂದು ಗೈಡ್ ಇದೆ, ಅದರಲ್ಲಿ ಟ್ಯಾಗ್ ಮಾಡಲು 23 ನಿಯಮಗಳಿವೆ. ಇಪ್ಪತ್ತಮೂರನ್ನೂ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದಳು. ಆಮೇಲೆ ನಾನು ಹತ್ತು ವಾಕ್ಯ ಕೊಟ್ಟೆ. ಅವಳು ಬರೆದದ್ದರಲ್ಲಿ ನಾಲ್ಕನ್ನು ಇಲ್ಲಿ ಹಾಕುತ್ತೇನೆ:

'ರಾಧಾ ಸಿಂಗ್ಸ್ ವೆಲ್, ಇಸಂಟ್ ರಾಧಾ?'
'ಯು ಹ್ಯಾವ್ ಟು ಗೋ, ಹ್ಯಾವಂಟ್ ಯು?'
'ನೋಬಡಿ ಕೇಮ್, ಡಿಡಂಟ್ ಹಿ?'
'ಐ ಆಮ್ ಲೇಟ್, ಆಮ್ ನಾಟ್ ಐ?'

ನಾಲ್ಕೂ ತಪ್ಪು ಎಂದು ಗೈಡ್ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಮಗಳು ಪೆನ್ನು ಕೆಳಗಿಟ್ಟು ಕೇಳಿದಳು: "ಅಮ್ಮಾ, ಕನ್ನಡದಲ್ಲಿ ಎಲ್ಲದಕ್ಕೂ 'ಅಲ್ಲವೇ' ಎಂದರೆ ಮುಗಿಯಿತು. ಇವರಿಗೆ ಮಾತ್ರ ಇಷ್ಟೊಂದು ಯಾಕೆ ಬೇಕು?" ನನ್ನಲ್ಲಿ ಉತ್ತರವಿರಲಿಲ್ಲ. ಬಲ್ಲವರು ದಯವಿಟ್ಟು ಹೇಳಿ. ಇನ್ನೊಂದು ನಿಯಮಗಳ ಪಟ್ಟಿ ಕೊಡಬೇಡಿ.

ನಿವೃತ್ತ ಇಂಗ್ಲಿಷ್ ಶಿಕ್ಷಕ, ಸಾಗರ

ತಾಯಿ, ಆ ಪುಟವನ್ನು ಮುಚ್ಚಿಡಿ. ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಹೇಳಿಕೊಟ್ಟವನು ನಾನು. ಶುರುವಿನ ವರ್ಷಗಳಲ್ಲಿ ನಾನೂ ನಿಯಮಗಳನ್ನೇ ಬರೆಸುತ್ತಿದ್ದೆ, ಮಕ್ಕಳು ನಿಮ್ಮ ಮಗಳಂತೆಯೇ ಒಪ್ಪಿಸುತ್ತಿದ್ದರು, ಅವಳಂತೆಯೇ ತಪ್ಪುತ್ತಿದ್ದರು. ಮಕ್ಕಳದ್ದು ಎಳ್ಳಷ್ಟೂ ತಪ್ಪಿರಲಿಲ್ಲ.

ಇವತ್ತು ಹೀಗೆ ಮಾಡಿ. 'ರಾಧಾ ಸಿಂಗ್ಸ್ ವೆಲ್' ಎಂಬ ವಾಕ್ಯ ಕೊಡಿ, ಟ್ಯಾಗ್ ಕೇಳಬೇಡಿ. ಇದನ್ನೇ ಪ್ರಶ್ನೆಯನ್ನಾಗಿ ಮಾಡು ಎನ್ನಿ, ಹೌದು ಅಥವಾ ಇಲ್ಲ ಎಂದು ಉತ್ತರ ಬರುವಂಥ ಪ್ರಶ್ನೆ. 'ಡಸ್ ರಾಧಾ ಸಿಂಗ್ ವೆಲ್?' ಎಂದು ಅವಳ ಬಾಯಿಂದ ಬಂದರೆ ಮುಕ್ಕಾಲು ಕೆಲಸ ಮುಗಿಯಿತು. ಆ ಪ್ರಶ್ನೆಯ ತಲೆಯಲ್ಲಿರುವ 'ಡಸ್ ರಾಧಾ' ಎಂಬ ಎರಡು ಪದಗಳನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸಲಿ. ಹೆಸರಿನ ಜಾಗಕ್ಕೆ ಸರ್ವನಾಮ ಬರಲಿ: 'ಡಸ್ ಶಿ'. ಮೂಲ ವಾಕ್ಯ 'ಹಾಡುತ್ತಾಳೆ' ಎನ್ನುತ್ತದೆ, ಆದ್ದರಿಂದ ಟ್ಯಾಗ್ 'ಇಲ್ಲ' ಎನ್ನಬೇಕು: 'ಡಸಂಟ್ ಶಿ?' ಅಷ್ಟೇ. ಟ್ಯಾಗ್ ಎಂದರೆ ಒಂದು ಪೂರ್ತಿ ಪ್ರಶ್ನೆಯ ತಲೆ. ಪ್ರಶ್ನೆ ಮಾಡಲು ಬಂದವರಿಗೆ ಟ್ಯಾಗ್ ಬರುತ್ತದೆ. ಪ್ರಶ್ನೆ ಮಾಡಲು ಬಾರದವರಿಗೆ 23 ನಿಯಮ ಕೊಟ್ಟರೂ ಬಾರದು.

ಇಲ್ಲಿ ಮಕ್ಕಳು ಎಡವುವುದು 'ಸಿಂಗ್ಸ್' ಎಂಬಲ್ಲಿ. ಅದರಲ್ಲಿ ಹೆಲ್ಪಿಂಗ್ ವರ್ಬ್, ಅಂದರೆ 'ಈಸ್', 'ಡಸ್' ತರಹದ ಸಹಾಯಕ ಕ್ರಿಯಾಪದ, ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದಾಗ ಕೈಗೆ ಸಿಕ್ಕ 'ಇಸಂಟ್' ಹಾಕುತ್ತಾರೆ. ನಾನು ಬೋರ್ಡಿನ ಮೇಲೆ 'ಸಿಂಗ್ಸ್' ಪದದ ಕೊನೆಯ 'ಎಸ್' ಅಕ್ಷರವನ್ನು ಮಾತ್ರ ಕೆಂಪು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಪ್ರಶ್ನೆ ಮಾಡುವಾಗ ಅದನ್ನು ಅಂಗೈಯಿಂದ ಒರೆಸಿ, ಮುಂದೆ 'ಡು' ಬರೆದು, ಅದರ ಬೆನ್ನಿಗೆ 'ಇಎಸ್' ಎಂದು ಅದೇ ಕೆಂಪಿನಲ್ಲಿ ಅಂಟಿಸುತ್ತಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, "ಸಾರ್, ಎಸ್ಸು ಮನೆ ಬದಲಾಯಿಸಿತು" ಎಂದ. ಅವನ ಮಾತನ್ನೇ ನಾನು ಮುಂದೆ ಎಲ್ಲ ತರಗತಿಗಳಲ್ಲೂ ಹೇಳುತ್ತಾ ಬಂದೆ. ಭೂತಕಾಲದಲ್ಲೂ ಹೀಗೆಯೇ. 'ಶಿ ಸ್ಯಾಂಗ್' ಎಂಬಲ್ಲಿನ ಭೂತಕಾಲ ಹೋಗಿ 'ಡಿಡ್' ಒಳಗೆ ಕೂರುತ್ತದೆ, 'ಸ್ಯಾಂಗ್' ಮರಳಿ 'ಸಿಂಗ್' ಆಗುತ್ತದೆ. ಟ್ಯಾಗ್ 'ಡಿಡಂಟ್ ಶಿ?'

ಈಗ ಉಳಿದ ಮೂರು. 'ಯು ಹ್ಯಾವ್ ಟು ಗೋ' ಎಂಬುದನ್ನು ಪ್ರಶ್ನೆ ಮಾಡಿದರೆ 'ಡು ಯು ಹ್ಯಾವ್ ಟು ಗೋ?' ಎಂದಾಗುತ್ತದೆ, ಆದ್ದರಿಂದ 'ಡೋಂಟ್ ಯು?' ಇಲ್ಲಿನ 'ಹ್ಯಾವ್' ಹೆಲ್ಪಿಂಗ್ ವರ್ಬ್ ಅಲ್ಲ, ಅದೇ ಮುಖ್ಯ ಕ್ರಿಯಾಪದ.

'ನೋಬಡಿ ಕೇಮ್' ಎಂಬುದರಲ್ಲಿ 'ಇಲ್ಲ' ಎಂಬ ಅರ್ಥ ಕರ್ತೃಪದದಲ್ಲೇ ಇದೆ. ಯಾರೂ ಬರಲಿಲ್ಲ. ವಾಕ್ಯ ಆಗಲೇ 'ಇಲ್ಲ' ಎಂದಿರುವುದರಿಂದ ಟ್ಯಾಗಿಗೆ ಮತ್ತೊಂದು 'ಇಲ್ಲ' ಬೇಡ. ಯಾರೂ ಎಂದಾಗ ಹೆಣ್ಣೋ ಗಂಡೋ ತಿಳಿಯದು, ಅದಕ್ಕೆ ಇಂಗ್ಲಿಷ್ 'ದೇ' ಬಳಸುತ್ತದೆ: 'ಡಿಡ್ ದೇ?' 'ಎವ್ರಿಬಡಿ', 'ಸಮ್‌ಒನ್' ಎಂಬುವಕ್ಕೂ 'ದೇ'. 'ನಥಿಂಗ್', 'ಎವ್ರಿಥಿಂಗ್' ವಸ್ತುಗಳಾದ್ದರಿಂದ 'ಇಟ್'.

'ಐ ಆಮ್ ಲೇಟ್' ನಿಜಕ್ಕೂ ಕಷ್ಟದ್ದು. 'ಈಸ್' ಜೊತೆ 'ನಾಟ್' ಕೂಡಿದರೆ 'ಇಸಂಟ್', 'ಆರ್' ಜೊತೆ ಕೂಡಿದರೆ 'ಆರಂಟ್'. 'ಆಮ್' ಜೊತೆ ಕೂಡಿದ ರೂಪ ಶಿಷ್ಟ ಇಂಗ್ಲಿಷಿನಲ್ಲಿ ನೆಲೆ ನಿಲ್ಲಲಿಲ್ಲ. ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ 'ಆಮಂಟ್ ಐ' ಎನ್ನುವವರಿದ್ದಾರೆ. ಉಳಿದವರು 'ಆರಂಟ್ ಐ?' ಎಂದು ನೆರೆಮನೆಯ ರೂಪವನ್ನು ಎರವಲು ತಂದುಕೊಂಡರು. ಪರೀಕ್ಷೆಗೆ ಅದೇ ಸರಿ. ನಿಮ್ಮ ಮಗಳು ಬರೆದದ್ದು ಪೂರ್ತಿ ದಾರಿ ತಪ್ಪಿದ್ದಲ್ಲ ಎಂದು ಅವಳಿಗೆ ಹೇಳಿ. 'ಆಮ್ ಐ ನಾಟ್?' ಎಂದಿದ್ದರೆ ಗಂಭೀರ ಬರಹದ ಇಂಗ್ಲಿಷಿನಲ್ಲಿ ಅದು ಸರಿಯೇ. ಕೂಡಿಕೊಂಡ 'ನಾಟ್' ಸರ್ವನಾಮಕ್ಕಿಂತ ಮೊದಲು ಬರುತ್ತದೆ, ಬಿಡಿಯಾಗಿ ನಿಂತ 'ನಾಟ್' ಸರ್ವನಾಮ ದಾಟಿದ ಮೇಲೆ ಬರುತ್ತದೆ. ಅವಳು ತಪ್ಪಿದ್ದು ಅಷ್ಟರಲ್ಲಿ ಮಾತ್ರ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು, ವಿಜಯಪುರ

ಸರ್, ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ನಾನು ಬಿಡಿಸಿದ ಅಭ್ಯಾಸ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದ ಎರಡು ಜಾಗಗಳನ್ನು ಸೇರಿಸುತ್ತೇನೆ, ಮೇಡಂ ಅವರ ಮಗಳಿಗೂ ಉಪಯೋಗವಾದೀತು.

ಮೊದಲನೆಯದು ಅಪಾಸ್ಟ್ರಫಿ (ಅಕ್ಷರ ಬಿಟ್ಟುಹೋಗಿದೆ ಎಂದು ತೋರಿಸಲು ಮೇಲೆ ಹಾಕುವ ಪುಟ್ಟ ಗುರುತು) ಹಿಂದೆ ಅಡಗಿದ ಒಂಟಿ ಅಕ್ಷರ. 'ಹಿಸ್ ಗಾನ್' ಎಂದು ಅಪಾಸ್ಟ್ರಫಿ ಹಾಕಿ ಬರೆದಿದ್ದರೆ ಆ 'ಎಸ್' ಎಂದರೆ 'ಹ್ಯಾಸ್', ಟ್ಯಾಗ್ 'ಹ್ಯಾಸಂಟ್ ಹಿ?' 'ಹಿಸ್ ಗೋಯಿಂಗ್' ಎಂದಿದ್ದರೆ ಅದೇ 'ಎಸ್' ಎಂದರೆ 'ಈಸ್', ಟ್ಯಾಗ್ 'ಇಸಂಟ್ ಹಿ?' 'ಡಿ' ಇನ್ನೂ ಮೋಸಗಾರ. 'ಹೀಡ್ ಗಾನ್' ಎಂದರೆ 'ಹ್ಯಾಡ್', 'ಹೀಡ್ ಗೋ' ಎಂದರೆ 'ವುಡ್'. 'ಯೂಡ್ ಬೆಟರ್ ಗೋ' ಎಂದರೆ 'ಹ್ಯಾಡಂಟ್ ಯು?', 'ಯೂಡ್ ರಾದರ್ ಸ್ಟೇ' ಎಂದರೆ 'ವುಡಂಟ್ ಯು?' ಮುಂದಿನ ಪದ ನೋಡದೆ ಉತ್ತರ ಗುರುತು ಹಾಕಬಾರದು ಎಂದು ಪೆಟ್ಟು ತಿಂದು ಕಲಿತೆ.

ಎರಡನೆಯದು 'ಪುಟ್', 'ಕಟ್', 'ರೀಡ್' ತರಹದ ಪದಗಳು. ವರ್ತಮಾನದಲ್ಲೂ ಭೂತದಲ್ಲೂ ಕಾಗುಣಿತ ಒಂದೇ. 'ರಾಜು ಪುಟ್ ದ ಬ್ಯಾಗ್ ಆನ್ ದ ಟೇಬಲ್' ಎಂದಿತ್ತು. ನಾನು 'ಡಸಂಟ್ ಹಿ' ಗುರುತು ಹಾಕಿದೆ. ಸರಿಯುತ್ತರ 'ಡಿಡಂಟ್ ಹಿ' ಎಂದಿತ್ತು. ಯಾಕೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಈಗ ಮೇಷ್ಟ್ರ ಕೆಂಪು ಎಸ್ ಓದಿದ ಕೂಡಲೇ ಹೊಳೆಯಿತು: ರಾಜು ಒಬ್ಬನೇ, ವರ್ತಮಾನಕಾಲವಾಗಿದ್ದರೆ 'ಪುಟ್ಸ್' ಎಂದು ಎಸ್ ಇರಬೇಕಿತ್ತು. ಎಸ್ ಇಲ್ಲ ಎಂದರೆ ಭೂತಕಾಲ.

ನಿವೃತ್ತ ಇಂಗ್ಲಿಷ್ ಶಿಕ್ಷಕ, ಸಾಗರ

ಭೇಷ್. ನೀವು ಮೇಷ್ಟ್ರಾಗಬೇಕಿತ್ತು.

ಹತ್ತನೇ ತರಗತಿ ಹುಡುಗಿಯ ತಾಯಿ, ಶಿರಸಿ

ಮೇಷ್ಟ್ರೇ, ನೀವು ಹೇಳಿದಂತೆ ಸಂಜೆ ಮಾಡಿ ನೋಡಿದೆ. ಟ್ಯಾಗ್ ಎಂಬ ಪದವನ್ನೇ ಎತ್ತದೆ ಇಪ್ಪತ್ತು ವಾಕ್ಯ ಕೊಟ್ಟು ಪ್ರಶ್ನೆ ಮಾಡಿಸಿದೆ. ಹದಿಮೂರನ್ನು ತಪ್ಪು ಮಾಡಿದಳು. 'ಮೈ ಫಾದರ್ ಗ್ರೋಸ್ ಅರೆಕಾನಟ್' ಎಂಬುದನ್ನು 'ಮೈ ಫಾದರ್ ಗ್ರೋಸ್ ಅರೆಕಾನಟ್?' ಎಂದು ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಳು. ಕನ್ನಡದಲ್ಲಿ 'ಬೆಳೆಯುತ್ತಾರೆ' ಎಂಬುದಕ್ಕೆ ಬಾಲ ಸೇರಿಸಿ 'ಬೆಳೆಯುತ್ತಾರೆಯೇ' ಎಂದರೆ ಪ್ರಶ್ನೆಯಾಗುತ್ತದಲ್ಲ, ಹಾಗೆ. ಅಂದರೆ ಇವಳಿಗೆ ಬಾರದಿರುವುದು ಟ್ಯಾಗ್ ಅಲ್ಲ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದೇ ಬಾರದು. ಎಂಟು ವರ್ಷದಿಂದ ಇಂಗ್ಲಿಷ್ ಓದುತ್ತಿದ್ದಾಳೆ, ಆ ಭಾಷೆಯಲ್ಲಿ ಯಾರನ್ನೂ ಏನನ್ನೂ ಕೇಳಿಲ್ಲ. ಇದು ಗೊತ್ತಾಗಿ ನನಗೆ ಬೇಸರವೂ ಆಯಿತು, ದಾರಿ ಸಿಕ್ಕಂತೆಯೂ ಆಯಿತು.

ಒಂದು ಸಂಶಯ. 'ಸಿಟ್ ಡೌನ್' ಎಂಬುದನ್ನು ಪ್ರಶ್ನೆ ಮಾಡುವುದು ಹೇಗೆ?

ನಿವೃತ್ತ ಇಂಗ್ಲಿಷ್ ಶಿಕ್ಷಕ, ಸಾಗರ

ಮಾಡಲಾಗುವುದಿಲ್ಲ ತಾಯಿ. ಆಜ್ಞೆ, ಕೋರಿಕೆಗಳಿಗೆ ಪ್ರಶ್ನೆಯ ರೂಪವಿಲ್ಲ. ಅದಕ್ಕೇ ಅವುಗಳ ಟ್ಯಾಗನ್ನು ಬೇರೆಯಾಗಿ ನೆನಪಿಡಬೇಕು, ಮತ್ತು ಅವು ಮಾತ್ರ ನಿಜವಾಗಿ ಬಾಯಿಪಾಠ ಮಾಡಬೇಕಾದವು. 'ಸಿಟ್ ಡೌನ್, ವಿಲ್ ಯು?' 'ಡೋಂಟ್ ಬಿ ಲೇಟ್, ವಿಲ್ ಯು?' ಆಹ್ವಾನದಂತಿದ್ದರೆ 'ವೋಂಟ್ ಯು?' ಹೆಚ್ಚು ಮೃದು. 'ಲೆಟ್ಸ್' ಎಂದು ಕೂಡಿಸಿ ಬರೆದು, ಕೇಳುವವರನ್ನೂ ಸೇರಿಸಿಕೊಂಡು 'ಹೋಗೋಣ' ಎನ್ನುವಾಗ 'ಶಲ್ ವಿ?' ಬರುತ್ತದೆ. 'ಲೆಟ್ ಅಸ್ ಗೋ' ಎಂದು ಬಿಡಿಸಿ, ನಮ್ಮನ್ನು ಹೋಗಲು ಬಿಡಿ ಎಂದು ಅನುಮತಿ ಕೇಳುವಾಗ 'ವಿಲ್ ಯು?'

ನಿತ್ಯ ಹತ್ತು ನಿಮಿಷ ಅವಳು ನಿಮ್ಮನ್ನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲಿ. ನೀವು ಕನ್ನಡದಲ್ಲೇ ಉತ್ತರ ಕೊಡಿ, ಪರವಾಗಿಲ್ಲ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಎಲ್ಲರ ಮಾತನ್ನೂ ಗೌರವದಿಂದಲೇ ಓದಿದೆ, ಆದರೆ ಒಪ್ಪಲಾಗುತ್ತಿಲ್ಲ. ಕಚೇರಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಎಲ್ಲ ವಾಕ್ಯಗಳಿಗೂ 'ಇಸಂಟ್ ಇಟ್' ಎನ್ನುತ್ತಾರೆ, ಇಲ್ಲವೇ 'ನೋ' ಎನ್ನುತ್ತಾರೆ. 'ಯು ಸೆಂಟ್ ದ ಫೈಲ್, ಇಸಂಟ್ ಇಟ್?' ಎಂದರೆ ಹೊರದೇಶದ ಗ್ರಾಹಕರಿಗೂ ಅರ್ಥವಾಗುತ್ತದೆ. ಕೋಟ್ಯಂತರ ಜನ ಹೀಗೆ ಮಾತನಾಡುವಾಗ ಇದು ತಪ್ಪು ಹೇಗಾಗುತ್ತದೆ? ಇದು ನಮ್ಮ ಇಂಗ್ಲಿಷ್. ಹದಿನೈದು ವರ್ಷದ ಹುಡುಗಿಯನ್ನು ಒಂದು ಬಾಲದ ಸಲುವಾಗಿ ಅಳಿಸುವುದು ನನಗೆ ಅನ್ಯಾಯವೆನಿಸುತ್ತದೆ. ನಾನೂ ಕನ್ನಡ ಮಾಧ್ಯಮದಿಂದ ಬಂದವನು, ಆ ಅಳು ನನಗೆ ಗೊತ್ತು.

ಭಾಷಾವಿಜ್ಞಾನದ ವಿದ್ಯಾರ್ಥಿನಿ, ಮೈಸೂರು

ಅಣ್ಣ, ನಿಮ್ಮ ಕಾಳಜಿಯನ್ನು ಒಪ್ಪುತ್ತೇನೆ, ಅರ್ಧ ವಾದವನ್ನೂ ಒಪ್ಪುತ್ತೇನೆ. ಒಂದೇ ರೂಪ ಎಲ್ಲ ವಾಕ್ಯಗಳಿಗೂ ಸಲ್ಲುವುದು ಲೋಕದ ಬಹಳಷ್ಟು ಭಾಷೆಗಳ ರೂಢಿ. ನಮ್ಮಲ್ಲಿ 'ಅಲ್ಲವೇ', ತೆಲುಗಿನಲ್ಲಿ 'ಕದಾ', ಹಿಂದಿಯಲ್ಲಿ 'ಹೈ ನಾ', ಫ್ರೆಂಚಿನಲ್ಲಿ 'ನೆಸ್ ಪಾ', ಜರ್ಮನಿನಲ್ಲಿ 'ನಿಶ್ತ್ ವಾರ್'. ಪ್ರತಿ ವಾಕ್ಯಕ್ಕೂ ಹೊಸ ಬಾಲ ಕತ್ತರಿಸಿ ಹೊಲಿಯುವ ಇಂಗ್ಲಿಷೇ ಇವುಗಳ ನಡುವೆ ಬೇರೆಯಾಗಿ ನಿಲ್ಲುತ್ತದೆ. ಲಂಡನ್ನಿನ ಯುವಕರ ಮಾತಿನಲ್ಲೂ 'ಇಸಂಟ್ ಇಟ್' ಸವೆದು 'ಇನಿಟ್' ಆಗಿ ಎಲ್ಲ ವಾಕ್ಯಗಳಿಗೂ ಅಂಟಿಕೊಳ್ಳುತ್ತದೆ. ಆದ್ದರಿಂದ ಮೇಡಂ ಅವರ ಮಗಳು ಕೇಳಿದ 'ಇವರಿಗೆ ಮಾತ್ರ ಯಾಕೆ' ಎಂಬ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ, ಭಾಷಾವಿಜ್ಞಾನದ ಪ್ರಶ್ನೆ.

ಆದರೆ 'ಅಲ್ಲವೇ' ಮತ್ತು ಇಂಗ್ಲಿಷ್ ಟ್ಯಾಗ್ ಒಂದೇ ಕೆಲಸವನ್ನು ಬೇರೆ ಬೇರೆ ಜಾಗದಲ್ಲಿ ನಿಂತು ಮಾಡುತ್ತವೆ. ಒಂದು ಸಣ್ಣ ಸಂಗತಿ ಗಮನಿಸಿ. 'ಮಳೆ ಬಂತು' ಎಂಬುದರ ನಿಷೇಧ 'ಮಳೆ ಬರಲಿಲ್ಲ'. ಅಲ್ಲಿ ಬರುವುದು 'ಇಲ್ಲ'. ಆದರೂ ನಾವು 'ಮಳೆ ಬಂತು, ಇಲ್ಲವೇ?' ಎನ್ನದೆ 'ಮಳೆ ಬಂತು, ಅಲ್ಲವೇ?' ಎನ್ನುತ್ತೇವೆ. ಏಕೆ? 'ಇಲ್ಲ' ಎಂಬುದು ಕ್ರಿಯೆಯನ್ನೋ ಇರುವಿಕೆಯನ್ನೋ ನಿರಾಕರಿಸುತ್ತದೆ. 'ಅಲ್ಲ' ಎಂಬುದು 'ಇದು ಅದಲ್ಲ' ಎಂದು ಗುರುತನ್ನು ನಿರಾಕರಿಸುತ್ತದೆ. 'ಮೇಷ್ಟ್ರು ಇಲ್ಲ' ಎಂದರೆ ಶಾಲೆಯಲ್ಲಿಲ್ಲ, 'ಮೇಷ್ಟ್ರು ಅಲ್ಲ' ಎಂದರೆ ಬೇರೆ ಯಾರೋ. ಹಾಗಾಗಿ 'ಅಲ್ಲವೇ' ಮಳೆಯ ಬಗ್ಗೆ ಕೇಳುತ್ತಿಲ್ಲ. ನಾನು ಹೇಳಿದ ಇಡೀ ಮಾತನ್ನು ಕೈಯಲ್ಲಿ ಎತ್ತಿ ಹಿಡಿದು, ಈ ಮಾತು ಹೌದೋ ಅಲ್ಲವೋ ಎಂದು ಕೇಳುತ್ತಿದೆ. ಧಾರವಾಡ ಕಡೆಯ 'ಹೌದಿಲ್ಲೋ' ಇದನ್ನು ಇನ್ನೂ ಬಿಚ್ಚಿ ಹೇಳುತ್ತದೆ.

ಇಂಗ್ಲಿಷ್ ಟ್ಯಾಗ್ ಹಾಗಲ್ಲ. ಅದು ವಾಕ್ಯದ ಒಳಗೆ ಕೈಹಾಕಿ ಕ್ರಿಯಾಪದವನ್ನೇ ಮತ್ತೆ ಹೊರಗೆಳೆಯುತ್ತದೆ: ಬಂತೋ, ಬರಲಿಲ್ಲವೋ. ಅದಕ್ಕೇ ಕ್ರಿಯಾಪದ ಬದಲಾದಂತೆ ಟ್ಯಾಗೂ ಬದಲಾಗಬೇಕು.

ಇನ್ನೊಂದು. ಟ್ಯಾಗಿಗೆ ಎರಡು ದನಿಗಳಿವೆ. ದನಿ ಇಳಿದರೆ ನನಗೆ ಗೊತ್ತಿರುವುದಕ್ಕೆ ನೀನೂ ತಲೆಯಾಡಿಸು ಎಂದರ್ಥ, ದನಿ ಏರಿದರೆ ನಿಜವಾಗಿ ತಿಳಿಯಬೇಕಿದೆ ಎಂದರ್ಥ. ಕನ್ನಡದಲ್ಲಿ ಈ ವ್ಯತ್ಯಾಸವನ್ನು ದನಿಯ ಜೊತೆಗೆ ಪದವೂ ಸ್ವಲ್ಪ ಹೊರುತ್ತದೆ. ಪಕ್ಕದ ಮನೆಯವರಿಗೆ 'ಇವತ್ತು ಸೆಕೆ ಜಾಸ್ತಿ, ಅಲ್ಲವೇ?' ಎನ್ನುತ್ತೇವೆ, 'ಸೆಕೆ ಜಾಸ್ತಿ ತಾನೆ?' ಎನ್ನುವುದಿಲ್ಲ. ಬಸ್ ಹತ್ತಿದ ಮೇಲೆ ಎದೆ ಧಸಕ್ಕೆಂದು 'ಬೀಗ ಹಾಕಿದ್ದೀಯ ತಾನೆ?' ಎನ್ನುತ್ತೇವೆ. ಮೊದಲನೆಯದು ಇಳಿದನಿಯ ಟ್ಯಾಗ್, ಎರಡನೆಯದು ಏರುದನಿಯದು. ಕಾಗದದ ಮೇಲೆ ಇಂಗ್ಲಿಷಿನ ಎರಡೂ ಒಂದೇ ತರಹ ಕಾಣುತ್ತವೆ, ಗಟ್ಟಿಯಾಗಿ ಓದಿಸಿದರೆ ಮಾತ್ರ ಗೊತ್ತಾಗುತ್ತದೆ.

ನರ್ಸ್, ಬ್ರಿಟನ್

ಮೈಸೂರಿನ ತಂಗಿಯ ಮಾತು ಓದಿ ಬರೆಯದೆ ಇರಲಾಗಲಿಲ್ಲ. ನಾನು ಹಾಸನ ಜಿಲ್ಲೆಯವಳು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಬಂದ ಮೊದಲ ತಿಂಗಳ ಮಾತು. ರಾತ್ರಿ ಪಾಳಿ ಮುಗಿಸಿ ಹಗಲಿನವರಿಗೆ ವಾರ್ಡ್ ಒಪ್ಪಿಸುತ್ತಿದ್ದೆ. ಒಬ್ಬ ಅಜ್ಜನಿಗೆ ಬೆಳಗಿನ ರಕ್ತದೊತ್ತಡದ ಮಾತ್ರೆ ಕೊಟ್ಟಿರಲಿಲ್ಲ, ವೈದ್ಯರು ನೋಡುವ ತನಕ ತಡೆಯಿರಿ ಎಂದಿದ್ದರು. ಹಿರಿಯ ನರ್ಸ್ ನನ್ನನ್ನು ಕೇಳಿದರು: 'ಯು ಹ್ಯಾವಂಟ್ ಗಿವನ್ ಹಿಸ್ ಟ್ಯಾಬ್ಲೆಟ್, ಹ್ಯಾವ್ ಯು?'

ನಾನು 'ಯೆಸ್' ಎಂದೆ. ಮನಸ್ಸಿನಲ್ಲಿ ಇದ್ದದ್ದು ಕನ್ನಡದ 'ಹೌದು'. ಹೌದು, ನೀವು ಹೇಳಿದ್ದು ಸರಿ, ಕೊಟ್ಟಿಲ್ಲ.

ಅವರ ಕಿವಿಗೆ ಬಿದ್ದದ್ದು ಕೊಟ್ಟಿದ್ದೇನೆ ಎಂದು. ಅವರ ಪೆನ್ನು ಚಾರ್ಟಿನ ಮೇಲೆ ಆಗಲೇ ಇಳಿದಿತ್ತು. ಎಷ್ಟು ಗಂಟೆಗೆ ಎಂದು ಕೇಳಿದರು. ನಾನು ಅರ್ಥವಾಗದೆ ಅವರ ಮುಖ ನೋಡಿದೆ. ಅವರು ಆ ಎರಡನೆಯ ಪ್ರಶ್ನೆ ಕೇಳದೆ ಇದ್ದಿದ್ದರೆ, ಕೊಡದ ಮಾತ್ರೆ ಕೊಟ್ಟದ್ದಾಗಿ ದಾಖಲಾಗುತ್ತಿತ್ತು. ಅವರು ಬೈಯಲಿಲ್ಲ, ಪಕ್ಕಕ್ಕೆ ಕರೆದು ನಿಧಾನವಾಗಿ ಹೇಳಿದರು: 'ಯೆಸ್' ಎಂದರೆ ನನ್ನ ಮಾತಿಗೆ ಒಪ್ಪಿಗೆಯಲ್ಲ, ಕೆಲಸ ಆಗಿದೆ ಎಂದು. ಆಗಿಲ್ಲದಿದ್ದರೆ, ನಾನು ಹೇಗೆ ಕೇಳಿದರೂ, 'ನೋ'.

ಇಂದಿಗೂ ನಾನು ಬರಿಯ 'ಯೆಸ್' ಅಥವಾ 'ನೋ' ಹೇಳುವುದಿಲ್ಲ. 'ನೋ, ಐ ಹ್ಯಾವಂಟ್' ಎಂದು ಪೂರ್ತಿ ಹೇಳುತ್ತೇನೆ. ಕನ್ನಡ, ಮಲಯಾಳ, ತಮಿಳು ಮಾತನಾಡುವ ಹೊಸ ಹುಡುಗಿಯರು ಬಂದರೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತೇನೆ. ಬೆಂಗಳೂರಿನ ಅಣ್ಣ, ನಿಮ್ಮ ಕಚೇರಿಯಲ್ಲಿ 'ಇಸಂಟ್ ಇಟ್' ನಡೆಯುತ್ತದೆ, ನಡೆಯಲಿ. ಆದರೆ 'ಯು ಹ್ಯಾವಂಟ್ ಗಿವನ್ ಇಟ್, ಇಸಂಟ್ ಇಟ್?' ಎಂದು ಕೇಳಿ 'ಯೆಸ್' ಎಂಬ ಉತ್ತರ ಬಂದರೆ ಕೊಟ್ಟಂತೋ ಕೊಡದಂತೋ ಯಾರು ಹೇಳುತ್ತಾರೆ? ಶಿರಸಿಯ ಅಕ್ಕ, ಮಗಳಿಗೆ ಟ್ಯಾಗ್ ಮಾಡುವುದರ ಜೊತೆಗೆ ಅದಕ್ಕೆ ಉತ್ತರ ಕೊಡುವುದನ್ನೂ ಕಲಿಸಿ. ಪರೀಕ್ಷೆಯಲ್ಲಿ ಅದನ್ನು ಕೇಳುವುದಿಲ್ಲ, ಬದುಕಿನಲ್ಲಿ ಕೇಳುತ್ತಾರೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು, ವಿಜಯಪುರ

ಅಕ್ಕ, ಓದಿ ಮೈ ಜುಮ್ಮೆಂದಿತು.

ಮೇಷ್ಟ್ರೇ, ವಾಕ್ಯ ಹೌದು ಎನ್ನುತ್ತಿದೆಯೋ ಇಲ್ಲ ಎನ್ನುತ್ತಿದೆಯೋ ತಿಳಿಯುವುದರಲ್ಲೇ ನನಗೆ ಗೊಂದಲ. 'ಹಾರ್ಡ್ಲಿ', 'ಸೆಲ್ಡಮ್', 'ಫ್ಯೂ' ಇವುಗಳಲ್ಲಿ 'ನಾಟ್' ಇಲ್ಲ, ಆದರೂ ಟ್ಯಾಗ್ ಪಾಸಿಟಿವ್. 'ಇಟ್ ಈಸ್ ಇಂಪಾಸಿಬಲ್' ಎಂಬುದಕ್ಕೆ ನನ್ನಲ್ಲಿರುವ ಒಂದು ಪುಸ್ತಕ 'ಈಸ್ ಇಟ್' ಎಂದು ಉತ್ತರ ಕೊಟ್ಟಿದೆ, ಅಸಾಧ್ಯ ಎಂಬ ಅರ್ಥ ಇರುವುದರಿಂದ ವಾಕ್ಯ ನೆಗೆಟಿವ್ ಎಂದು ವಿವರಣೆಯನ್ನೂ ಬರೆದಿದೆ.

ನಿವೃತ್ತ ಇಂಗ್ಲಿಷ್ ಶಿಕ್ಷಕ, ಸಾಗರ

ಆ ಪುಸ್ತಕದ ಉತ್ತರ ತಪ್ಪು. ಸರಿಯಾದದ್ದು 'ಇಸಂಟ್ ಇಟ್?' ಇಂಥ ತಪ್ಪು ಕೀ ಉತ್ತರಗಳನ್ನು ಅಚ್ಚು ಹಾಕಿ ಮಾರುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬಡವರ ಮಕ್ಕಳು ದುಡ್ಡು ಕೊಟ್ಟು ಕೊಂಡು ನಂಬಿ ಓದುತ್ತಾರೆ.

ಒಂದು ಪದದ ಒಳಗಿನ ನಿಷೇಧ ಬೇರೆ, ವಾಕ್ಯದ ನಿಷೇಧ ಬೇರೆ. ಕನ್ನಡದಲ್ಲೇ ನೋಡಿ. 'ಇದು ಸಾಧ್ಯವಿಲ್ಲ' ಎಂಬುದು ನಿಷೇಧದ ವಾಕ್ಯ. 'ಇದು ಅಸಾಧ್ಯವಾಗಿದೆ' ಎಂಬುದು 'ಇದೆ' ಎಂದೇ ಮುಗಿಯುತ್ತದೆ. ಅರ್ಥ ಒಂದೇ ಆದರೂ ಎರಡನೆಯದರಲ್ಲಿ ನಿಷೇಧ ಪದದ ಹೊಟ್ಟೆಯೊಳಗೆ ಕೂತಿದೆ, ಕ್ರಿಯಾಪದವನ್ನು ಮುಟ್ಟಿಲ್ಲ. 'ಅನ್‌ಹ್ಯಾಪಿ', 'ಡಿಸ್‌ಲೈಕ್ಸ್' ಎಲ್ಲವೂ ಹೀಗೆ: 'ಶಿ ಡಿಸ್‌ಲೈಕ್ಸ್ ಫಿಶ್, ಡಸಂಟ್ ಶಿ?'

'ಹಾರ್ಡ್ಲಿ', 'ಸೆಲ್ಡಮ್', 'ರೇರ್ಲಿ', 'ನೆವರ್' ಇವು ಕ್ರಿಯೆಯನ್ನೇ ಹಿಡಿದು ಅಲ್ಲಗಳೆಯುತ್ತವೆ ಅಥವಾ ಅಲ್ಲಗಳೆಯುವ ಅಂಚಿಗೆ ತರುತ್ತವೆ. 'ಅವನು ಮಾತನಾಡುವುದೇ ಇಲ್ಲ ಎನ್ನಬೇಕು' ಎನ್ನುತ್ತೇವಲ್ಲ, ಅದು 'ಹಾರ್ಡ್ಲಿ'. 'ಹಿ ಹಾರ್ಡ್ಲಿ ಸ್ಪೀಕ್ಸ್, ಡಸ್ ಹಿ?' 'ಫ್ಯೂ' ಎಂಬುದಕ್ಕೆ ಒಂದು ಅಕ್ಷರದ ವ್ಯತ್ಯಾಸ. 'ಫ್ಯೂ ಪೀಪಲ್ ನ್ಯೂ' ಎಂದರೆ ಗೊತ್ತಿದ್ದವರು ಇಲ್ಲವೆನ್ನುವಷ್ಟು ಕಡಿಮೆ, 'ಡಿಡ್ ದೇ?' 'ಅ ಫ್ಯೂ ಪೀಪಲ್ ನ್ಯೂ' ಎಂದರೆ ಕೆಲವರಿಗೆ ಗೊತ್ತಿತ್ತು, 'ಡಿಡಂಟ್ ದೇ?' 'ಲಿಟಲ್', 'ಅ ಲಿಟಲ್' ಕೂಡ ಹೀಗೆಯೇ. ಆ ಒಂಟಿ 'ಅ' ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿ.

ಭಾಷಾವಿಜ್ಞಾನದ ವಿದ್ಯಾರ್ಥಿನಿ, ಮೈಸೂರು

ಇದಕ್ಕೆ ಹೊಂದಿಕೊಂಡ ಒಂದು ಸೊಗಸಾದ ವಾಕ್ಯವಿದೆ ಸರ್. 'ಐ ಡೋಂಟ್ ಥಿಂಕ್ ಹಿ ಈಸ್ ಕಮಿಂಗ್, ಈಸ್ ಹಿ?' ಮೇಲ್ನೋಟಕ್ಕೆ 'ಡು ಐ' ಎನ್ನಬೇಕೆನಿಸುತ್ತದೆ. ಆದರೆ ನಾನು ಯೋಚಿಸುತ್ತೇನೋ ಇಲ್ಲವೋ ಎಂದು ನಿಮ್ಮನ್ನು ಕೇಳುವುದರಲ್ಲಿ ಅರ್ಥವಿಲ್ಲ. ಕೇಳುತ್ತಿರುವುದು ಅವನು ಬರುವುದರ ಬಗ್ಗೆ. 'ನಾಟ್' ನಿಂತಿರುವುದು 'ಥಿಂಕ್' ಪಕ್ಕದಲ್ಲಿ, ಅದು ಸೇರಬೇಕಾದದ್ದು 'ಕಮಿಂಗ್' ಜೊತೆ. ಅದಕ್ಕೇ ಟ್ಯಾಗ್ 'ಈಸ್ ಹಿ'. ಕನ್ನಡದಲ್ಲೂ 'ಅವನು ಬರುತ್ತಾನೆ ಎಂದು ನನಗೆ ಅನಿಸುವುದಿಲ್ಲ' ಎಂದಾಗ ನಮ್ಮ ಅನಿಸಿಕೆಗೆ ಏನೂ ಆಗಿರುವುದಿಲ್ಲ, ಅವನು ಬರುವುದಿಲ್ಲ ಅಷ್ಟೆ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನರ್ಸ್ ಅಕ್ಕನ ಮಾತಿನ ಮುಂದೆ ನನ್ನ ವಾದ ನಿಲ್ಲುವುದಿಲ್ಲ. ಇವತ್ತು ಬೆಳಗ್ಗೆ ಸಭೆಯಲ್ಲಿ ಬೇಕೆಂದೇ ಗಮನಿಸಿದೆ. 'ದ ಸರ್ವರ್ ಈಸ್ ನಾಟ್ ವರ್ಕಿಂಗ್, ಇಸಂಟ್ ಇಟ್?' ಎಂದು ಒಬ್ಬರು ಕೇಳಿದರು, ಇನ್ನೊಬ್ಬರು 'ಯೆಸ್' ಎಂದರು, ಮೂರನೆಯವರು ಸರಿಯಾಗಿದೆ ಎಂದುಕೊಂಡು ಮುಂದಿನ ವಿಷಯಕ್ಕೆ ಹೋದರು. ನಾನು ತಡೆದು ಮತ್ತೆ ಕೇಳಬೇಕಾಯಿತು. ಇಷ್ಟು ದಿನ ಇಂಥವು ಎಷ್ಟು ದಾಟಿಹೋಗಿವೆಯೋ.

ಆದರೂ ಒಂದು ಬಾಲದ ಸಲುವಾಗಿ ಮಕ್ಕಳನ್ನು ಅಳಿಸಬಾರದು ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನಿವೃತ್ತ ಇಂಗ್ಲಿಷ್ ಶಿಕ್ಷಕ, ಸಾಗರ

ಅದನ್ನು ತೆಗೆದುಕೊಳ್ಳಲೇಬೇಡಿ. ಅದು ನನ್ನ ಮಾತೂ ಹೌದು.

ಹತ್ತನೇ ತರಗತಿ ಹುಡುಗಿಯ ತಾಯಿ, ಶಿರಸಿ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ನಿತ್ಯ ರಾತ್ರಿ ಹತ್ತು ನಿಮಿಷ ಅವಳು ಪ್ರಶ್ನೆ ಕೇಳಿದಳು, ನಾನು ಕನ್ನಡದಲ್ಲಿ ಉತ್ತರಿಸಿದೆ. ಮೊದಲ ಮೂರು ದಿನ 'ಡು' ಮತ್ತು 'ಡಸ್' ತಡವರಿಸಿತು. ನಾಲ್ಕನೆಯ ದಿನ ಅಡಿಕೆ ಸುಲಿಯುತ್ತಾ ಕುಳಿತಿದ್ದ ಅಪ್ಪನನ್ನೂ ಹಿಡಿದುಕೊಂಡಳು. ನಿನ್ನೆ ಹಳೆಯ ಗೈಡ್ ತೆರೆದು, ನಿಯಮಗಳನ್ನು ಓದದೆ, ಅದರ ಅಭ್ಯಾಸದ ವಾಕ್ಯಗಳನ್ನು ಮಾತ್ರ ಮಾಡಿಸಿದೆ. ಮೂವತ್ತರಲ್ಲಿ ಇಪ್ಪತ್ತಾರು ಸರಿ. ತಪ್ಪಾದ ನಾಲ್ಕರಲ್ಲಿ ಎರಡು 'ಲೆಟ್ಸ್' ಮತ್ತು 'ಲೆಟ್ ಅಸ್', ಒಂದು 'ಲಿಟಲ್'. ಇನ್ನೊಂದು 'ಹಿ ಯೂಸ್ಡ್ ಟು ಲಿವ್ ಹಿಯರ್', ಅದಕ್ಕೆ 'ಯೂಸಂಟ್ ಹಿ' ಎಂದು ಬರೆದಿದ್ದಳು. ನಾನು ಏನೂ ಹೇಳಲಿಲ್ಲ, ಪ್ರಶ್ನೆ ಮಾಡು ಎಂದೆ. 'ಡಿಡ್ ಹಿ ಯೂಸ್ ಟು' ಎಂದು ಅವಳೇ ಹೇಳಿ, ಅವಳೇ ಹೊಡೆದುಹಾಕಿ, 'ಡಿಡಂಟ್ ಹಿ' ಎಂದು ತಿದ್ದಿದಳು.

ನರ್ಸ್ ತಂಗಿಯ ಕಥೆಯನ್ನು ಅವಳಿಗೆ ಓದಿ ಹೇಳಿದ್ದೆ. ಇವತ್ತು ಸಂಜೆ ಒಳಗಿನಿಂದ ಕೇಳಿಸಿತು. ಅಜ್ಜಿಯ ಸಕ್ಕರೆ ಮಾತ್ರೆಯ ಡಬ್ಬಿ ಹಿಡಿದು ಕೇಳುತ್ತಿದ್ದಳು: "ಅಜ್ಜಿ, ಮಧ್ಯಾಹ್ನದ ಮಾತ್ರೆ ತೆಗೆದುಕೊಂಡಿಲ್ಲ, ಅಲ್ಲವೇ?" ನಮ್ಮ ಅತ್ತೆ ಹೂವು ಕಟ್ಟುತ್ತಾ ತಲೆಯೆತ್ತದೆ "ಹೌದು" ಎಂದರು. ಮಗಳು ಡಬ್ಬಿ ಕೆಳಗಿಡಲಿಲ್ಲ. "ಹೌದು ಎಂದರೆ ಸಾಲದು ಅಜ್ಜಿ. ತೆಗೆದುಕೊಂಡಿದ್ದೀರೋ, ಇಲ್ಲವೋ? ಪೂರ್ತಿ ಹೇಳಿ."